ಯುದ್ಧ, ನಾಟಕ, ಪ್ರಚಾರ: ಸಭೆಯಲ್ಲಿ ಕೂತವರೂ ಪಾತ್ರಧಾರಿಗಳೇ

1930ರ ದಶಕದ ಚೀನಾ. ಬೀದಿಯಲ್ಲಿ ಒಬ್ಬ ಮುದುಕ, ಜೊತೆಗೆ ಹರೆಯದ ಮಗಳು. ಹಾಡಿ, ಕಸರತ್ತು ತೋರಿಸಿ ಹೊಟ್ಟೆ ಹೊರೆಯುವವರು. ಸುತ್ತ ಜನ ಸೇರುತ್ತಾರೆ. ಹುಡುಗಿ ಹಸಿವು ತಾಳಲಾರದೆ ಕುಸಿಯುತ್ತಾಳೆ. ಮುದುಕ ಚಾವಟಿ ಎತ್ತುತ್ತಾನೆ. ಆಗ ಗುಂಪಿನ ಒಳಗಿಂದ ಒಬ್ಬ ಯುವಕ ಕೂಗುತ್ತಾನೆ: ‘ಚಾವಟಿ ಕೆಳಗಿಡು!’ ಮುನ್ನುಗ್ಗಿ ಮುದುಕನ ಕೈ ಹಿಡಿಯುತ್ತಾನೆ. ಹುಡುಗಿ ಅಳುತ್ತಲೇ ಅಪ್ಪನ ಪರ ಮಾತಾಡುತ್ತಾಳೆ. ತಪ್ಪು ಅಪ್ಪನದಲ್ಲ, ನಾವು ಮಂಚೂರಿಯಾದ ಕಡೆಯವರು, ಜಪಾನಿ ಸೇನೆ ಬಂದ ಮೇಲೆ ಇದ್ದುದೆಲ್ಲ ಕಳೆದುಕೊಂಡು ಅಲೆಯುತ್ತಿದ್ದೇವೆ ಎನ್ನುತ್ತಾಳೆ. ಯುವಕ ಜನರತ್ತ ತಿರುಗಿ, ನಾವೆಲ್ಲ ಒಂದಾಗದಿದ್ದರೆ ನಾಳೆ ನಮಗೂ ಇದೇ ಗತಿ ಎಂದು ಹೇಳುತ್ತಾನೆ. ಸೇರಿದವರೂ ಘೋಷಣೆಗೆ ದನಿಗೂಡಿಸುತ್ತಾರೆ.

ಇದು ‘ಚಾವಟಿ ಕೆಳಗಿಡು’ ಎಂಬ ಬೀದಿ ನಾಟಕ. ಆ ಯುವಕನೂ ನಟನೇ. 1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿದ ನಂತರದ ವರ್ಷಗಳಲ್ಲಿ ಇದು ರೂಪುಗೊಂಡಿತು. 1937ರಲ್ಲಿ ಪೂರ್ಣ ಪ್ರಮಾಣದ ಯುದ್ಧ ಶುರುವಾದಾಗ ತಂಡಗಳು ಇದನ್ನು ಊರೂರಿಗೆ ಒಯ್ದವು. ಪರದೆ ಇಲ್ಲ, ವೇದಿಕೆ ಇಲ್ಲ. ಪಕ್ಕದಲ್ಲಿ ನಿಂತವನು ನಟನೋ ದಾರಿಹೋಕನೋ ತಿಳಿಯದಂತೆ ಇಡೀ ಆಟವನ್ನು ಹೆಣೆದಿದ್ದರು. ಓದು ಬರಹ ಬಾರದವರಿಗೂ ಅದು ನೇರವಾಗಿ ಮುಟ್ಟುತ್ತಿತ್ತು.

ಯುದ್ಧಕಾಲದ ಪ್ರಚಾರ ಅಂದ ಕೂಡಲೇ ನಮಗೆ ಪೋಸ್ಟರ್, ರೇಡಿಯೋ, ಸಿನಿಮಾ ನೆನಪಾಗುತ್ತವೆ. ನಾಟಕ ಅಷ್ಟಾಗಿ ನೆನಪಾಗುವುದಿಲ್ಲ. ಆದರೆ ಯುದ್ಧಕ್ಕಿಳಿದ ಸರ್ಕಾರಗಳು ಅದನ್ನು ಹಗುರವಾಗಿ ಕಂಡಿಲ್ಲ. ಹಣ ಕೊಟ್ಟಿವೆ, ಬಳಸಿಕೊಂಡಿವೆ, ಕತ್ತರಿ ಹಾಕಿವೆ, ನಾಟಕದವರನ್ನು ಜೈಲಿಗೂ ಕಳಿಸಿವೆ. ಒಂದೇ ಕಲೆಯ ಮೇಲೆ ಇಷ್ಟು ಆಸೆ, ಇಷ್ಟು ಹೆದರಿಕೆ ಎರಡೂ ಯಾಕೆ? ನನಗೆ ಕಾಣುವ ಉತ್ತರ ಇದು. ನಾಟಕದ ಅರ್ಥ ಬರೆದ ಮಾತಿನಲ್ಲಿ ಪೂರ್ತಿ ಇರುವುದಿಲ್ಲ. ಅರ್ಧ ಭಾಗ ನೋಡಲು ಬಂದ ಜನರ ಹತ್ತಿರ ಇರುತ್ತದೆ. ಆ ಅರ್ಧ ಕೈಗೆ ಸಿಕ್ಕರೆ ಪ್ರಚಾರಕ್ಕೆ ಇದಕ್ಕಿಂತ ಬಲವಾದ ದಾರಿ ಇಲ್ಲ. ಆದರೆ ಅದನ್ನು ಕೊನೆತನಕ ಹಿಡಿದಿಟ್ಟುಕೊಳ್ಳಲು ಯಾವ ಸರ್ಕಾರಕ್ಕೂ ಸಾಧ್ಯವಾಗಿಲ್ಲ.

ಮೊದಲು, ಕೈಗೆ ಸಿಗುವುದು ಹೇಗೆ ಅಂತ ನೋಡೋಣ.

1914ರಲ್ಲಿ ಬ್ರಿಟನ್ ಯುದ್ಧಕ್ಕೆ ಇಳಿದಾಗ ಅಲ್ಲಿ ಕಡ್ಡಾಯ ಸೇನಾ ಸೇವೆ ಇರಲಿಲ್ಲ. ಆ ಕಾನೂನು ಬಂದದ್ದು 1916ರ ಜನವರಿಯಲ್ಲಿ. ಅಲ್ಲಿಯವರೆಗೆ ಹುಡುಗರು ತಾವಾಗಿಯೇ ಸೇನೆಗೆ ಸೇರಬೇಕಿತ್ತು. ಆಗ ದುಡಿಯುವ ಜನರ ಮನರಂಜನೆ ಅಂದರೆ ಮ್ಯೂಸಿಕ್ ಹಾಲ್. ಹಾಡು, ಹಾಸ್ಯ, ಚಿಕ್ಕ ಪ್ರಹಸನ ಎಲ್ಲ ಒಂದೇ ಸಂಜೆಯಲ್ಲಿ. ಅಲ್ಲಿನ ದೊಡ್ಡ ತಾರೆ ವೆಸ್ಟಾ ಟಿಲ್ಲಿ. ಗಂಡು ವೇಷ ಹಾಕಿ ಹಾಡುವುದರಲ್ಲಿ ಹೆಸರಾದ ಕಲಾವಿದೆ. ಯುದ್ಧ ಬಂದಾಗ ಸೈನಿಕನ ಸಮವಸ್ತ್ರ ತೊಟ್ಟು ಹಾಡಿದರು. ಸೇನೆಗೆ ಜನ ಸೇರಿಸುವುದರಲ್ಲಿ ಇಂಗ್ಲೆಂಡಿನಲ್ಲೇ ಇವರನ್ನು ಮೀರಿಸುವವರಿಲ್ಲ ಎಂದು ಪತ್ರಿಕೆಗಳು ಹೊಗಳಿದವು.

ಮ್ಯಾಂಚೆಸ್ಟರಿನ ಒಬ್ಬ ಕಾರ್ಮಿಕ ಹೆಂಗಸು ಅಂಥ ಒಂದು ಸಂಜೆಯನ್ನು ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ಗಂಡ ಹೆಂಡತಿ ಸುಮ್ನೆ ಆಟ ನೋಡಲು ಹೋಗಿದ್ದರು. ಟಿಲ್ಲಿ ಹಾಡುತ್ತಾ ವೇದಿಕೆ ಇಳಿದು ಜನರ ನಡುವೆ ನಡೆದು ಬಂದರು. ಆ ಗಂಡನ ಭುಜದ ಮೇಲೆ ಕೈ ಇಟ್ಟರು. ಅವನು ಎದ್ದು ಅವರ ಹಿಂದೆಯೇ ವೇದಿಕೆಗೆ ಹೋದ. ಮುಂದೆ ಅವನು ಯುದ್ಧದಲ್ಲೇ ಸತ್ತ.

ಇಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೋಸ್ಟರ್ ಕಂಡವನು ಮುಖ ತಿರುಗಿಸಿ ನಡೆದುಬಿಡಬಹುದು. ಆದರೆ ನೂರಾರು ಕಣ್ಣುಗಳ ಮುಂದೆ, ಹೆಂಡತಿ ಪಕ್ಕದಲ್ಲಿರುವಾಗ, ನಾಡೇ ಮೆಚ್ಚಿದ ನಟಿ ಬಂದು ಭುಜ ಮುಟ್ಟಿದರೆ? ಕೂತೇ ಇದ್ದರೆ ಹೇಡಿ ಎನ್ನಿಸಿಕೊಳ್ಳಬೇಕು. ಎದ್ದರೆ ಚಪ್ಪಾಳೆ. ಮನೆಗೆ ಹೋಗಿ ನಾಳೆ ಯೋಚಿಸುತ್ತೇನೆ ಎನ್ನಲು ಜಾಗವೇ ಇಲ್ಲ. ಆ ಗಳಿಗೆಯಲ್ಲಿ ಅವನು ಪ್ರೇಕ್ಷಕನಾಗಿ ಉಳಿದಿಲ್ಲ, ಒಂದು ಪಾತ್ರವಾಗಿದ್ದಾನೆ. ಪಾತ್ರದ ಮಾತನ್ನು ಬೇರೆಯವರು ಮೊದಲೇ ಬರೆದಿಟ್ಟಿದ್ದಾರೆ.

ಚೀನಾದ ಬೀದಿಯಲ್ಲಿ ನಡೆದದ್ದೂ ಇದೇ ಅಲ್ವಾ? ವೇದಿಕೆ ಮತ್ತು ಸಭೆಯ ನಡುವಿನ ಗೆರೆಯನ್ನು ಅಳಿಸಿಬಿಡುವುದು. ಚೀನಾ ತನ್ನ ನೆಲಕ್ಕೆ ನುಗ್ಗಿದವರ ವಿರುದ್ಧ ಹೋರಾಡುತ್ತಿತ್ತು. ಬ್ರಿಟನ್ ತನ್ನ ಹುಡುಗರನ್ನು ಫ್ರಾನ್ಸಿನ ಕಂದಕಗಳಿಗೆ ಕಳಿಸುತ್ತಿತ್ತು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ತಂತ್ರ ಒಂದೇ. ನ್ಯಾಯ ಯಾರ ಕಡೆಗಿದೆ ಎಂಬ ಪ್ರಶ್ನೆಗೆ ಆ ತಂತ್ರ ಉತ್ತರ ಕೊಡುವುದಿಲ್ಲ. ಅದು ಯಾರ ಕೈಯಲ್ಲಾದರೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನು ಮರೆತರೆ ನಮಗೆ ಇಷ್ಟವಾದ ಪಕ್ಷದ ಪ್ರಚಾರ ನಮಗೆ ಪ್ರಚಾರ ಎಂದು ಕಾಣುವುದೇ ಇಲ್ಲ.

ಅಮೆರಿಕ 1917ರಲ್ಲಿ ಇದನ್ನೇ ಇನ್ನೊಂದು ರೀತಿ ಮಾಡಿತು. ಸಿನಿಮಾ ಮಂದಿರದಲ್ಲಿ ರೀಲು ಬದಲಿಸಲು ಸುಮಾರು ನಾಲ್ಕು ನಿಮಿಷ ಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಊರಿನ ಒಬ್ಬ ಪರಿಚಿತ ವ್ಯಕ್ತಿ ಎದ್ದು ನಿಂತು ಯುದ್ಧದ ಪರ ಮಾತಾಡುತ್ತಿದ್ದ. ‘ನಾಲ್ಕು ನಿಮಿಷದವರು’ ಎಂದೇ ಅವರ ಹೆಸರು. ಸುಮಾರು 75,000 ಜನ ಸ್ವಯಂಸೇವಕರು ಈ ಕೆಲಸ ಮಾಡಿದರು. ತೆರೆ ಸಿದ್ಧವಾಗಿತ್ತು, ಜನ ಸೇರಿದ್ದರು. ಬೇಕಾಗಿದ್ದದ್ದು ಎದುರಿಗೆ ಉಸಿರಾಡುವ ಒಬ್ಬ ಮನುಷ್ಯ ಮಾತ್ರ.

ಈ ಕಥೆ ತೀರಾ ಹಳೆಯದು. ನಮಗೆ ಪೂರ್ತಿಯಾಗಿ ಸಿಕ್ಕಿರುವ ಗ್ರೀಕ್ ನಾಟಕಗಳಲ್ಲಿ ಅತ್ಯಂತ ಹಳೆಯದು ಎಂದು ಸಾಮಾನ್ಯವಾಗಿ ಒಪ್ಪಿರುವ ನಾಟಕವೇ ಒಂದು ಯುದ್ಧದ ನಾಟಕ. ಈಸ್ಕಿಲಸ್ ಬರೆದ ಆ ನಾಟಕವನ್ನು ಬಿ.ಎಂ.ಶ್ರೀ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿದ್ದಾರೆ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಕಡಲಲ್ಲಿ ಗ್ರೀಕರು ಪರ್ಷಿಯಾದ ಹಡಗುಪಡೆಯನ್ನು ಸೋಲಿಸಿದರು. ಎಂಟು ವರ್ಷದ ಮೇಲೆ, ಕ್ರಿ.ಪೂ. 472ರಲ್ಲಿ, ಅಥೆನ್ಸಿನಲ್ಲಿ ಈ ನಾಟಕ ಆಡಿದರು. ಖರ್ಚು ಹೊತ್ತವನು ಪೆರಿಕ್ಲಿಸ್. ಮುಂದೆ ಅಥೆನ್ಸಿನ ದೊಡ್ಡ ನಾಯಕನಾದವನು, ಆಗ ಇನ್ನೂ ಯುವಕ. ಸಭೆಯಲ್ಲಿ ಕೂತ ಅನೇಕರು ಆ ಕದನದಲ್ಲಿ ಕಾದಾಡಿದವರೇ.

ಆದರೆ ನಾಟಕ ನಡೆಯುವುದು ಶತ್ರುವಿನ ಅರಮನೆಯಲ್ಲಿ. ಪರ್ಷಿಯಾದ ಹಿರಿಯರ ಮೇಳ ಸುದ್ದಿಗಾಗಿ ಕಾಯುತ್ತದೆ. ರಾಜಮಾತೆ ಕೆಟ್ಟ ಕನಸು ಕಂಡಿದ್ದಾಳೆ. ದೂತ ಬಂದು ಸೋಲಿನ ವಿವರ ಹೇಳುತ್ತಾನೆ. ಸತ್ತವರ ಹೆಸರುಗಳ ಪಟ್ಟಿ ಕೇಳುತ್ತದೆ. ಕೊನೆಗೆ ಹರಿದ ಬಟ್ಟೆಯಲ್ಲಿ ದೊರೆ ಜೆರ್ಕ್ಸೀಸ್ ಬರುತ್ತಾನೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ನಾಟಕದಲ್ಲಿಲ್ಲ. ಗೋಳಾಡುವುದೆಲ್ಲ ಶತ್ರುಗಳೇ.

ಇದು ಗೆದ್ದವರ ಹಿಗ್ಗೋ, ಸೋತವರ ಮೇಲಿನ ಮರುಕವೋ? ವಿದ್ವಾಂಸರು ಇವತ್ತಿಗೂ ಜಗಳ ಬಿಟ್ಟಿಲ್ಲ. ನನ್ನ ಮಟ್ಟಿಗೆ ಎರಡೂ ನಿಜ. ದೊರೆಯ ಸೊಕ್ಕಿನಿಂದ ಒಂದು ಸಾಮ್ರಾಜ್ಯ ಬಿತ್ತು ಎಂಬ ಮಾತು ಅಥೆನ್ಸಿನ ಹೆಮ್ಮೆಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಮಗನ ಸುದ್ದಿಗೆ ಕಾಯುವ ತಾಯಿ ಯಾವ ಊರಿನವಳಾದರೂ ತಾಯಿಯೇ. ಸಭೆಯಲ್ಲಿ ಒಬ್ಬ ಬೀಗಿರಬಹುದು, ಅವನ ಪಕ್ಕದವನು ಮಗನನ್ನು ನೆನೆದು ಅತ್ತಿರಬಹುದು.

ಅಥೆನ್ಸಿನ ನಾಟಕೋತ್ಸವವೇ ಒಂದು ದೊಡ್ಡ ಪ್ರದರ್ಶನವಾಗಿತ್ತು. ಸಾಮ್ರಾಜ್ಯ ಬೆಳೆದ ಮೇಲೆ, ಅಧೀನ ಊರುಗಳು ಕಟ್ಟಿದ ಕಪ್ಪಕಾಣಿಕೆಯನ್ನು ನಾಟಕಕ್ಕೆ ಮೊದಲು ರಂಗದ ಮೇಲೆ ತಂದು ತೋರಿಸುತ್ತಿದ್ದರು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು, ಸರ್ಕಾರದ ಖರ್ಚಿನಲ್ಲಿ ಬೆಳೆದ ಹುಡುಗರು ಕವಚ ತೊಟ್ಟು ಮೆರವಣಿಗೆ ಬರುತ್ತಿದ್ದರು. ಆ ಮೇಲೆ ನಾಟಕ. ಇಂಥ ಸಭೆಯಲ್ಲೇ ಕ್ರಿ.ಪೂ. 415ರಲ್ಲಿ ಯೂರಿಪಿಡೀಸ್ ‘ಟ್ರಾಯ್ ಹೆಂಗಸರು’ ಆಡಿಸಿದ. ಊರು ಸುಟ್ಟು, ಗಂಡಸರು ಸತ್ತು, ಗೆದ್ದವರ ಪಾಲಿಗೆ ದಾಸಿಯರಾಗಿ ಹಂಚಿಹೋಗುವ ಹೆಂಗಸರ ಕಥೆ. ಅದಕ್ಕೆ ಕೆಲವೇ ತಿಂಗಳ ಹಿಂದೆ ಅಥೆನ್ಸಿನ ಸೇನೆ ಮೀಲಾಸ್ ದ್ವೀಪದ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿತ್ತು. ನಾಟಕದಲ್ಲಿ ಮೀಲಾಸ್ ಹೆಸರಿಲ್ಲ. ಬೇಕಾಗಿಯೂ ಇರಲಿಲ್ಲ.

ಸಭೆಯ ಕಣ್ಣೀರಿಗೆ ಹೆದರಿದ ಪ್ರಸಂಗ ಇನ್ನೂ ಹಿಂದಿನದು. ಅಥೆನ್ಸಿನವರಿಗೆ ಆಪ್ತವಾಗಿದ್ದ ಮಿಲೀಟಸ್ ನಗರವನ್ನು ಪರ್ಷಿಯನ್ನರು ಕ್ರಿ.ಪೂ. 494ರಲ್ಲಿ ನಾಶ ಮಾಡಿದರು. ಫ್ರಿನಿಕಸ್ ಎಂಬ ಕವಿ ಅದನ್ನೇ ನಾಟಕ ಮಾಡಿದ. ಇಡೀ ಸಭೆ ಅತ್ತಿತು. ನಮ್ಮದೇ ಸಂಕಟವನ್ನು ನೆನಪಿಸಿದ್ದಕ್ಕೆ ಅವನಿಗೆ ಸಾವಿರ ದ್ರಾಕ್ಮಾ ದಂಡ ಹಾಕಿದರು, ಆ ನಾಟಕವನ್ನು ಇನ್ನು ಯಾರೂ ಆಡಕೂಡದು ಎಂದರು. ಇದನ್ನು ಬರೆದಿಟ್ಟವನು ಹೆರೊಡೋಟಸ್. ಸೋಲನ್ನು ರಂಗದ ಮೇಲೆ ನೋಡುವ ಧೈರ್ಯ ಆಳುವವರಿಗೆ ಆಗಲೂ ಕಡಿಮೆ ಇತ್ತು.

ನಾಟಕ ಭಾವನೆ ಕೆರಳಿಸುವುದಷ್ಟೇ ಅಲ್ಲ, ನಡೆಯದ್ದನ್ನು ನಡೆದ ಹಾಗೆ ನಂಬಿಸಬಲ್ಲದು. 1920ರ ನವೆಂಬರ್ 7. ರಷ್ಯಾದಲ್ಲಿ ಅಂತರ್ಯುದ್ಧ ಇನ್ನೂ ಮುಗಿದಿರಲಿಲ್ಲ. ಪೆಟ್ರೊಗ್ರಾಡ್‌ನಲ್ಲಿ, ಮೂರು ವರ್ಷದ ಹಿಂದೆ ಕ್ರಾಂತಿಕಾರಿಗಳಾದ ಬೊಲ್ಶೆವಿಕರು ವಶಪಡಿಸಿಕೊಂಡಿದ್ದ ಚಳಿಗಾಲದ ಅರಮನೆಯ ಮುಂದೆಯೇ ಆ ಘಟನೆಯನ್ನು ನಾಟಕವಾಗಿ ಆಡಿದರು. ನಿರ್ದೇಶಕ ನಿಕೊಲಾಯ್ ಎವ್ರೆಯಿನೊವ್. ಸಾವಿರಾರು ಪಾತ್ರಧಾರಿಗಳು, ಸುಮಾರು ಒಂದು ಲಕ್ಷ ಪ್ರೇಕ್ಷಕರು. 1917ರ ನಿಜವಾದ ರಾತ್ರಿಯಲ್ಲಿ ಅರಮನೆಯ ಕಾವಲು ತೆಳುವಾಗಿತ್ತು, ಸಾವು ನೋವೂ ಕಡಿಮೆ. ನಾಟಕದಲ್ಲಿ ಅದು ಜನಸಾಗರವೇ ನುಗ್ಗಿದ ಮಹಾ ಕದನವಾಯಿತು. ಈ ನಾಟಕದ ಒಂದು ಫೋಟೊವನ್ನು ತಿದ್ದಿ, ಮುಂದೆ ಎಷ್ಟೋ ಪುಸ್ತಕಗಳಲ್ಲಿ 1917ರ ನಿಜ ಚಿತ್ರ ಎಂಬಂತೆ ಅಚ್ಚು ಹಾಕಿದರು.

ಇದಕ್ಕಿಂತ ಕ್ರೂರವಾದದ್ದು ಟೆರೆಜಿನ್. ಈಗಿನ ಜೆಕ್ ದೇಶದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಊರು. ಹಾನ್ಸ್ ಕ್ರಾಸಾ ಎಂಬ ಸಂಗೀತಗಾರ 1938ರಲ್ಲಿ ‘ಬ್ರುಂಡಿಬಾರ್’ ಎಂಬ ಮಕ್ಕಳ ಸಂಗೀತ ನಾಟಕ ರಚಿಸಿದ್ದ. ಕಾಯಿಲೆ ಬಿದ್ದ ಅಮ್ಮನಿಗೆ ಹಾಲು ತರಲು ಬೀದಿಯಲ್ಲಿ ಹಾಡುವ ಅಣ್ಣ ತಂಗಿ. ಅವರನ್ನು ಓಡಿಸುವ ದುಷ್ಟ ವಾದ್ಯಗಾರ ಬ್ರುಂಡಿಬಾರ್. ಊರಿನ ಮಕ್ಕಳೆಲ್ಲ ಒಂದಾಗಿ ಅವನನ್ನು ಸೋಲಿಸುತ್ತಾರೆ. 1943ರಿಂದ ಟೆರೆಜಿನ್‌ನ ಬಂದಿ ಮಕ್ಕಳು ಇದನ್ನು 55 ಸಲ ಆಡಿದರು. ಬ್ರುಂಡಿಬಾರ್ ಯಾರೆಂದು ಅಲ್ಲಿದ್ದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1944ರ ಜೂನ್ 23ರಂದು ಅಲ್ಲಿಗೆ ರೆಡ್ ಕ್ರಾಸ್ ಪ್ರತಿನಿಧಿಗಳು ಬಂದರು. ಅದಕ್ಕೆ ಮೊದಲು ನಾಜಿಗಳು ಮನೆಗಳಿಗೆ ಬಣ್ಣ ಬಳಿಸಿದರು, ಹೂಗಿಡ ನೆಡಿಸಿದರು. ಊರು ಕಿಕ್ಕಿರಿದು ಕಾಣಬಾರದೆಂದು ಮೇ ತಿಂಗಳಲ್ಲಿ ಸುಮಾರು 7,500 ಜನರನ್ನು ಸಾಮೂಹಿಕ ಕೊಲೆಯ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಿದರು. ಬಂದ ಅತಿಥಿಗಳಿಗೆ ಮಕ್ಕಳ ನಾಟಕ ತೋರಿಸಿದರು. ಇಲ್ಲಿ ಎಲ್ಲ ಚೆನ್ನಾಗಿದೆ ಎಂಬ ವರದಿ ಹೋಯಿತು. ಅದೇ ವರ್ಷದ ಶರತ್ಕಾಲದಲ್ಲಿ ಕ್ರಾಸಾ ಮತ್ತು ಆಡಿದ ಮಕ್ಕಳಲ್ಲಿ ಬಹಳಷ್ಟು ಮಂದಿಯನ್ನು ಆಶ್ವಿಟ್ಜ್‌ಗೆ ಒಯ್ದು ಕೊಂದರು.

ಈ ಪ್ರಸಂಗ ಓದುವಾಗಲೆಲ್ಲ ನನಗೆ ಸಿಟ್ಟೂ ಸಂಕಟವೂ ಒಟ್ಟಿಗೇ ಬರುತ್ತವೆ. ಒಂದೇ ನಾಟಕ, ಅದೇ ಮಕ್ಕಳು, ಅದೇ ಹಾಡು. ಬಂದಿಗಳು ನೋಡಿದಾಗ ಅದು ಧೈರ್ಯ. ಅತಿಥಿಗಳು ನೋಡಿದಾಗ ಸುಳ್ಳಿನ ಸಾಕ್ಷಿ. ನಾಜಿಗಳು ಬದಲಿಸಿದ್ದು ಪ್ರೇಕ್ಷಕರನ್ನು ಮಾತ್ರ.

ಬೇರೆ ಉಪಾಯಗಳೂ ಇವೆ. ಶೇಕ್ಸ್‌ಪಿಯರ್‌ನ ಐದನೇ ಹೆನ್ರಿ ನಾಟಕವನ್ನು ಲಾರೆನ್ಸ್ ಒಲಿವಿಯರ್ 1944ರಲ್ಲಿ ಸಿನಿಮಾ ಮಾಡಿದಾಗ ಬ್ರಿಟಿಷ್ ಸರ್ಕಾರದ ಬೆಂಬಲವಿತ್ತು. ದೊರೆ ಸೆರೆಯಾಳುಗಳನ್ನು ಕೊಲ್ಲಲು ಹೇಳುವ ಮಾತು, ಮುತ್ತಿದ ಊರಿನ ಹೆಂಗಸರು ಮಕ್ಕಳ ಬಗ್ಗೆ ಹಾಕುವ ಘೋರ ಬೆದರಿಕೆ, ಅವನದೇ ಬಳಗದ ದ್ರೋಹಿಗಳ ದೃಶ್ಯ ಮೂರೂ ಅದರಲ್ಲಿಲ್ಲ. ಹೊಸದಾಗಿ ಸುಳ್ಳು ಬರೆಯಬೇಕಾಗಲಿಲ್ಲ, ತೆಗೆದರೆ ಸಾಕಾಯಿತು.

ಟೀಕೆಯೂ ಪ್ರಚಾರವಾಗಬಹುದು. ಇದು ಜಾಸ್ತಿ ಜನರ ಗಮನಕ್ಕೆ ಬರುವುದಿಲ್ಲ. 1942ರ ಆಗಸ್ಟ್. ಜರ್ಮನ್ ಸೇನೆ ಸ್ಟಾಲಿನ್‌ಗ್ರಾಡ್ ಕಡೆ ನುಗ್ಗುತ್ತಿತ್ತು, ಸೋವಿಯತ್ ಸೇನೆ ಹಿಂದೆ ಸರಿಯುತ್ತಿತ್ತು. ಆಗ ಆಳುವ ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆ ಅಲೆಕ್ಸಾಂಡರ್ ಕೊರ್ನೆಯ್ಚುಕ್ ಬರೆದ ‘ರಣರಂಗ’ ಎಂಬ ನಾಟಕವನ್ನು ಕಂತುಗಳಲ್ಲಿ ಪ್ರಕಟಿಸಿತು. ಅದರಲ್ಲಿ ಗೊರ್ಲೊವ್ ಎಂಬ ಹಳೆಯ ಸೇನಾನಿ ಇದ್ದಾನೆ. ಹಳೆ ಕಾಲದ ಶೌರ್ಯದ ಮೇಲೇ ಬದುಕುವವನು, ಹೊಸ ಯುದ್ಧ ಕಲಿಯಲು ಒಪ್ಪದವನು. ಯುದ್ಧ ನಡೆಯುತ್ತಿರುವಾಗಲೇ ಸ್ವಂತ ಸೇನಾನಿಯನ್ನು ಹೀಗೆ ತೋರಿಸಲು ಬಿಟ್ಟದ್ದು ಹೇಗೆ? ಸೇನೆಯ ಹಿರಿಯರು ದೂರಿದರು. ಸ್ಟಾಲಿನ್ ನಾಟಕದ ಪರ ನಿಂತ. ಸೋಲಿಗೆ ಹಳೆಯ ತಲೆಗಳು ಕಾರಣ ಎಂದು ಜನರಿಗೆ ಅನ್ನಿಸಿದರೆ, ಯುದ್ಧಕ್ಕೆ ಸರಿಯಾಗಿ ಸಿದ್ಧವಾಗದ ಆಳ್ವಿಕೆಯ ಕಡೆ, ಸ್ಟಾಲಿನ್‌ನ ಕಡೆ ಬೆರಳು ಹೋಗುವುದಿಲ್ಲ. ನಾಟಕದ ಟೀಕೆಯಲ್ಲಿ ನಿಜಾಂಶ ಇತ್ತು. ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಮೊದಲೇ ತೀರ್ಮಾನವಾಗಿತ್ತು.

ಇನ್ನು ಹಿಡಿತ ತಪ್ಪುವ ಬಗೆ. ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ ನಾಟಕಗಳು ನಿಂತಿರಲಿಲ್ಲ. ಸೆನ್ಸಾರ್ ಒಪ್ಪಿದರೆ ಆಡಬಹುದಿತ್ತು. ಯಹೂದಿ ಮೂಲದ ಮಹಾನಟಿ ಸಾರಾ ಬರ್ನಾರ್ಡ್ ಹೆಸರಿನ ರಂಗಮಂದಿರದ ಹೆಸರನ್ನೇ ಅಳಿಸಿ ‘ನಗರ ರಂಗಮಂದಿರ’ ಎಂದು ಬದಲಿಸಿದ್ದರು. ಅದೇ ಮಂದಿರದಲ್ಲಿ 1943ರ ಜೂನ್‌ನಲ್ಲಿ ಫ್ರೆಂಚ್ ಲೇಖಕ ಸಾರ್ತ್ರ್‌ನ ‘ನೊಣಗಳು’ ಬಂತು. ಹಳೆಯ ಗ್ರೀಕ್ ಕಥೆ. ಇಡೀ ಊರು ತಪ್ಪಿತಸ್ಥ ಭಾವದಲ್ಲಿ ಮುಳುಗಿದೆ, ದೊರೆಗೂ ದೇವರಿಗೂ ಬೇಕಾದದ್ದು ಅದೇ. ಆಗ ಜರ್ಮನರ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶೀ ಸರ್ಕಾರ, ಸೋಲು ನಮ್ಮದೇ ಪಾಪದ ಫಲ, ಪಶ್ಚಾತ್ತಾಪ ಪಡಿ ಎಂದು ಜನರಿಗೆ ದಿನವೂ ಹೇಳುತ್ತಿತ್ತು. ಸೆನ್ಸಾರ್ ಕಾಗದದ ಮೇಲಿನ ಪುರಾಣ ಓದಿ ಮುದ್ರೆ ಒತ್ತಿತು. ಸಭೆಯಲ್ಲಿ ಕೂತವರಲ್ಲಿ ಕೆಲವರಿಗಾದರೂ ಬೇರೆಯೇ ಮಾತು ಕೇಳಿಸಿತು.

ಮರುವರ್ಷ ಫೆಬ್ರವರಿಯಲ್ಲಿ ಬಂದ ಫ್ರೆಂಚ್ ನಾಟಕಕಾರ ಅನುಯ್‌ನ ‘ಆಂಟಿಗನಿ’ ಇನ್ನೂ ಗೋಜಲಿನದು. ದೊರೆಯ ಆಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಹಾಕುವ ಹುಡುಗಿಯಲ್ಲಿ ಹಲವರು ಪ್ರತಿರೋಧವನ್ನು ಕಂಡರು. ಆದರೆ ಈ ನಾಟಕದಲ್ಲಿ ದೊರೆ ಕ್ರೆಯೋನ್ ರಾಕ್ಷಸನಲ್ಲ. ಹಡಗನ್ನು ಯಾರಾದರೂ ನಡೆಸಲೇಬೇಕಲ್ಲ ಎನ್ನುವ ದಣಿದ ಮನುಷ್ಯ. ಜರ್ಮನರ ಪರವಾಗಿದ್ದ ಪತ್ರಿಕೆಗಳೂ ಮೆಚ್ಚಿದವು. ಪ್ರತಿರೋಧದ ಗುಂಪಿನ ಕೆಲವರು ಬೈದರು. ಆಗಸ್ಟ್‌ನಲ್ಲಿ ಪ್ಯಾರಿಸ್ ಬಿಡುಗಡೆಯಾದ ಮೇಲೂ ಅದೇ ನಾಟಕ ಮುಂದುವರಿಯಿತು.

ಜರ್ಮನ್ ನಾಟಕಕಾರ ಬ್ರೆಕ್ಟ್‌ಗೆ ಆದದ್ದು ಇದಕ್ಕೆ ತಿರುವುಮುರುವು. ‘ಮದರ್ ಕರೇಜ್’ 1941ರ ಏಪ್ರಿಲ್‌ನಲ್ಲಿ ಜೂರಿಕ್‌ನಲ್ಲಿ ಮೊದಲು ಆಡಿತು. ಸೇನೆಯ ಹಿಂದೆ ಗಾಡಿ ಎಳೆದುಕೊಂಡು ವ್ಯಾಪಾರ ಮಾಡುವ ಹೆಂಗಸು. ಯುದ್ಧದಿಂದಲೇ ಹೊಟ್ಟೆ ಹೊರೆಯುತ್ತಾಳೆ, ಯುದ್ಧಕ್ಕೇ ಮೂರೂ ಮಕ್ಕಳನ್ನು ಕಳೆದುಕೊಳ್ಳುತ್ತಾಳೆ. ಅವಳು ಏನೂ ಕಲಿಯಲಿಲ್ಲ, ನೋಡಿದವರಾದರೂ ಕಲಿಯಲಿ ಎಂಬುದು ಬ್ರೆಕ್ಟ್ ಆಸೆ. ಜೂರಿಕ್‌ನ ವಿಮರ್ಶಕರು ಕಂಡದ್ದು ದುಃಖ ನುಂಗಿ ಬದುಕುವ ಮಹಾತಾಯಿಯನ್ನು. ಬ್ರೆಕ್ಟ್‌ಗೆ ಇದು ಹಿಡಿಸಲಿಲ್ಲ. 1949ರ ಬರ್ಲಿನ್ ಪ್ರದರ್ಶನಕ್ಕೆ ಅವಳು ಇನ್ನಷ್ಟು ಕಠಿಣವಾಗಿ ಕಾಣುವಂತೆ ದೃಶ್ಯಗಳನ್ನು ತಿದ್ದಿದ. ಆಗಲೂ ಜನ ಅತ್ತರು. ಯುದ್ಧದ ಪರವೇ ಇರಲಿ, ವಿರುದ್ಧವೇ ಇರಲಿ, ಸಭೆ ಏನು ಅಂದುಕೊಳ್ಳಬೇಕೆಂದು ಬರೆದವನು ಆಜ್ಞೆ ಮಾಡಲಾರ.

ಕಲ್ಕತ್ತದಲ್ಲಿ 1944ರಲ್ಲಿ ಆಡಿದ ‘ನವಾನ್ನ’ವನ್ನು ಇಲ್ಲಿ ಬಿಡುವಂತಿಲ್ಲ. ಬಿಜೊನ್ ಭಟ್ಟಾಚಾರ್ಯ ಬರೆದದ್ದು, ಶಂಭು ಮಿತ್ರ ಜೊತೆ ಸೇರಿ ಆಡಿಸಿದ್ದು. 1943ರಲ್ಲಿ ಹುಟ್ಟಿದ ಇಪ್ಟಾ, ಅಂದರೆ ಭಾರತೀಯ ಜನನಾಟ್ಯ ಸಂಘ, ಫ್ಯಾಸಿಸಂ ವಿರುದ್ಧದ ಯುದ್ಧವನ್ನು ಬೆಂಬಲಿಸುತ್ತಿದ್ದ ಎಡಪಂಥೀಯರ ಬಳಗ. ಆದರೆ ಅದೇ ಯುದ್ಧದ ನಡುವೆ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದರು. ಬ್ರಿಟಿಷ್ ಸರ್ಕಾರ ಅದನ್ನು ಕ್ಷಾಮ ಎಂದು ಅಧಿಕೃತವಾಗಿ ಘೋಷಿಸಲೇ ಇಲ್ಲ. ಸರ್ಕಾರ ಹೆಸರಿಡದ ಹಸಿವನ್ನು ‘ನವಾನ್ನ’ ರಂಗದ ಮೇಲೆ ತಂದಿತು. ಯುದ್ಧದ ಒಂದು ಗುರಿಯನ್ನು ಒಪ್ಪಿದವರೇ ಆ ಯುದ್ಧ ನಡೆಸುವವರ ತಪ್ಪನ್ನು ಹೀಗೆ ಎದುರಿಗಿಟ್ಟರು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಯುದ್ಧ ಗೆದ್ದವರೂ ಕತ್ತರಿ ಕೆಳಗಿಡುವುದಿಲ್ಲ. 1945ರಲ್ಲಿ ಜಪಾನ್ ಸೋತ ಮೇಲೆ, ಅಮೆರಿಕದ ಆಡಳಿತ ಒಡೆಯನಿಗಾಗಿ ಸೇಡು ತೀರಿಸಿಕೊಳ್ಳುವ ಜಪಾನಿನ ಸಾಂಪ್ರದಾಯಿಕ ಕಬುಕಿ ನಾಟಕಗಳನ್ನು ತಡೆಯಿತು. ಒಡೆಯನ ಸಾವಿಗೆ 47 ಸಮುರಾಯ್‌ಗಳು ಸೇಡು ತೀರಿಸಿಕೊಳ್ಳುವ ‘ಚೂಶಿಂಗುರ’ ಪೂರ್ತಿಯಾಗಿ ಮತ್ತೆ ರಂಗಕ್ಕೆ ಬಂದದ್ದು 1947ರ ನವೆಂಬರ್‌ನಲ್ಲಿ.

ಹಾಗಾದರೆ ಯುದ್ಧದ ಹೊತ್ತಿನಲ್ಲಿ ಒಂದು ನಾಟಕ ಎದುರಿಗೆ ಬಂದಾಗ ನಾವು ಏನನ್ನು ಗಮನಿಸಬೇಕು? ಕಥೆಗಿಂತ ಮೊದಲು, ಯಾರು ಯಾರಿಗಾಗಿ ಆಡಿಸುತ್ತಿದ್ದಾರೆ ಎಂದು ನೋಡುವುದು ಒಳ್ಳೆಯದು. ಶತ್ರುವಿಗೆ ಅವನದೇ ಆದ ದುಃಖ ಇದೆಯೇ, ಇಲ್ಲಾ ಅವನು ಸಾಯಲೆಂದೇ ಬಂದವನೇ? ನಮ್ಮ ಕಡೆಯ ಯಾವ ತಪ್ಪಿನವರೆಗೆ ಟೀಕೆ ಹೋಗುತ್ತದೆ, ಯಾವ ಹೆಸರಿನ ಹತ್ತಿರ ನಿಲ್ಲುತ್ತದೆ? ಕೊನೆಯಲ್ಲಿ ನನಗೆ ಕೂತು ಯೋಚಿಸಲು ಬಿಡುತ್ತಾರೋ, ಎದ್ದು ನಿಲ್ಲಲೇಬೇಕೋ? ಎದ್ದು ನಿಂತದ್ದೆಲ್ಲ ತಪ್ಪೇನೂ ಅಲ್ಲ. ಆದರೆ ಎಬ್ಬಿಸಿದವರು ಯಾರು ಎಂದು ಗೊತ್ತಿರಬೇಕು.

ಈ ಮಾತು ಹಳೆಯ ಯುದ್ಧಗಳಿಗಷ್ಟೇ ಸೇರಿದ್ದಲ್ಲ. ರಷ್ಯಾದ ನಾಟಕಕಾರ್ತಿ ಸ್ವೆತ್ಲಾನಾ ಪೆಟ್ರಿಯ್ಚುಕ್ ಬರೆದು ಝೆನ್ಯಾ ಬೆರ್ಕೊವಿಚ್ ನಿರ್ದೇಶಿಸಿದ ಒಂದು ನಾಟಕವಿದೆ. ಇಂಟರ್ನೆಟ್‌ನಲ್ಲಿ ಸಿಕ್ಕ ಉಗ್ರರ ಮಾತಿಗೆ ಮರುಳಾಗಿ ಸಿರಿಯಾಕ್ಕೆ ಹೊರಡುವ ಹೆಂಗಸರ ಕಥೆ. ಉಕ್ರೇನ್ ಮೇಲಿನ ದಾಳಿಗೆ ಮೊದಲೇ ಬರೆದು ಆಡಿದ್ದ ಇದಕ್ಕೆ 2022ರಲ್ಲಿ ರಷ್ಯಾದ ದೊಡ್ಡ ರಂಗಪ್ರಶಸ್ತಿಯಾದ ಗೋಲ್ಡನ್ ಮಾಸ್ಕ್ ಸಿಕ್ಕಿತು. ಬೆರ್ಕೊವಿಚ್ ಯುದ್ಧದ ವಿರುದ್ಧ ಕವಿತೆಗಳನ್ನೂ ಬರೆದಿದ್ದರು. 2023ರ ಮೇ ತಿಂಗಳಲ್ಲಿ ಇಬ್ಬರನ್ನೂ ಬಂಧಿಸಿದರು. ನಾಟಕ ಭಯೋತ್ಪಾದನೆಯನ್ನು ಸಮರ್ಥಿಸುತ್ತದೆ ಎಂಬುದು ಆರೋಪ. 2024ರ ಜುಲೈನಲ್ಲಿ ಸೇನಾ ನ್ಯಾಯಾಲಯ ಇಬ್ಬರಿಗೂ ಆರು ಆರು ವರ್ಷ ಜೈಲು ಶಿಕ್ಷೆ ಕೊಟ್ಟಿತು. ವಿಚಾರಣೆಯನ್ನು ಮಧ್ಯದಲ್ಲೇ ಜನರಿಗೆ ಮುಚ್ಚಿಬಿಟ್ಟಿದ್ದರು.